ಎರಡು ಬೆರಳಿನ ಸಂದು

ಅವಳ ಚಿಂತೆ ತೀರಾ ಸಣ್ಣದು, ಇನ್ನೊಬ್ಬರಿಗೆ ಹೇಳಿದರೆ ನಕ್ಕುಬಿಡುವಷ್ಟು ಸಣ್ಣದು. ರಿಜಿಸ್ಟರಿನ ಹೋದ ಮಂಗಳವಾರದ ಸಾಲಿನಲ್ಲಿ ಏಳನೆಯ ‘ಸರಿ’ ಯಾಕೆ ಅಷ್ಟು ಅಂದವಾಗಿದೆ? ಮೊದಲ ಆರು ‘ಸರಿ’ಗಳ ಹಾಗೆಯೇ ಅದೂ ದುಂಡಗೆ, ನೆಟ್ಟಗೆ, ಗೆರೆಯ ಮೇಲೆ ಕೈಕಟ್ಟಿ ಕೂತ ಒಂದನೇ ತರಗತಿಯ ಮಗುವಿನ ಹಾಗೆ ಕೂತಿದೆ. ಏಳನೆಯದು ಹಾಗಿರಬಾರದು. ಮೊದಲ ಆರನ್ನು ಮೇಜಿನ ಮೇಲಿಟ್ಟು ಬರೆಯಬಹುದು. ಏಳನೆಯದನ್ನು ಬರೆಯಬೇಕಾದದ್ದು ಅಂಗಳದಲ್ಲಿ, ಕುದುರೆಯ ಪಕ್ಕ ನಿಂತು, ರಿಜಿಸ್ಟರನ್ನು ಎಡಗೈಯ ಮೇಲೆ ಆನಿಸಿಕೊಂಡು, ಕುದುರೆ ಮೂತಿಯಿಂದ ಭುಜವನ್ನು ತಿವಿಯುತ್ತಿರುವಾಗ. ಕೆಲಸಕ್ಕೆ ಸೇರಿದ ಮೊದಲ ಮೂರು ತಿಂಗಳ ಹಾಳೆಗಳನ್ನು ತಿರುವಿದರೆ ಏಳನೆಯ ಮನೆಯಲ್ಲಿರುವುದೆಲ್ಲ ಸೊಟ್ಟ ‘ಸರಿ’ಗಳು, ಒಂದರ ಮೇಲೆ ಜೊಲ್ಲು ಬಿದ್ದು ಹರಡಿದೆ, ಇನ್ನೊಂದರ ಗುಡಿಸು ಗೆರೆ ದಾಟಿ ಮೇಲಿನ ಸಾಲಿಗೆ ಹೋಗಿದೆ. ನಾಲ್ಕನೆಯ ತಿಂಗಳಿನಿಂದ ಅವು ಒಂದೊಂದಾಗಿ ನೆಟ್ಟಗಾಗುತ್ತ ಬಂದಿವೆ. ತನ್ನ ಅಕ್ಷರ ಸುಧಾರಿಸಿದಷ್ಟೂ ತಾನು ಕೆಡುತ್ತ ಬಂದಿದ್ದೇನೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಬೇಡ. ಈ ಬೆಳಿಗ್ಗೆ ಕಚೇರಿಗೆ ಎಲ್ಲರಿಗಿಂತ ಮೊದಲೇ ಬಂದು, ಬಾಗಿಲು ಮುಂದೆ ಮಾಡಿ, ಮಂಗಳವಾರದ ಆ ‘ಸರಿ’ಗೆ ಪೆನ್ನಿನಿಂದ ಒಂದು ಸಣ್ಣ ಬಾಲ ಎಳೆದಿದ್ದಳು, ಕುದುರೆ ತಿವಿದ ಹಾಗೆ ಕಾಣಲಿ ಎಂದು. ಎಳೆದ ಮೇಲೆ ಗೊತ್ತಾಯಿತು, ಈ ಪೆನ್ನಿನ ನೀಲಿ ಬೇರೆ. ಈಗ ಅದು ಕುದುರೆ ತಿವಿದ ‘ಸರಿ’ಯ ಹಾಗೂ ಇಲ್ಲ, ಮೊದಲಿನ ಹಾಗೂ ಇಲ್ಲ, ಬಾಲ ಅಂಟಿಸಿಕೊಂಡು ನಾಟಕದಲ್ಲಿ ಪಾರ್ಟು ಮಾಡಲು ನಿಂತ ಸಭ್ಯ ಗೃಹಸ್ಥರ ಹಾಗಿದೆ.

ಹತ್ತು ಗಂಟೆಗೆ ಸಮಿತಿ ಸೇರುತ್ತದೆ. ಸಮಿತಿ ಎಂದರೆ ಸವಾರಿ ಶಾಲೆಯ ಕಾರ್ಯದರ್ಶಿ ಮತ್ತು ಪಶುವೈದ್ಯರು, ಇಬ್ಬರೇ. ಆದರೆ ಇಬ್ಬರಿಗೆ ಸಮಿತಿ ಎಂದು ಹೆಸರಿಟ್ಟ ಕೂಡಲೇ ನಾಲ್ಕು ಕುರ್ಚಿ, ಒಂದು ಮೇಜುಬಟ್ಟೆ, ಮುಚ್ಚಳವಿರುವ ನೀರಿನ ಲೋಟಗಳು ಬೇಕಾಗುತ್ತವೆ. ಅವನ್ನೆಲ್ಲ ಜೋಡಿಸಿದವಳು ಅವಳೇ. ವಿಚಾರಣೆ ನಡೆಯಬೇಕಾದದ್ದು ಕುದುರೆಯ ಮೇಲೆ.

ಅವಳು ತತ್ವಶಾಸ್ತ್ರದ ಪದವೀಧರೆ. ‘ಸತ್ಯದ ಸ್ವರೂಪ’ದ ಬಗ್ಗೆ ಹದಿನಾರು ಅಂಕದ ಪ್ರಶ್ನೆಗೆ ಹದಿನಾಲ್ಕು ತೆಗೆದಿದ್ದಳು, ಕಳೆದುಹೋದ ಎರಡು ಅಂಕ ಯಾವುದಕ್ಕಾಗಿ ಎಂದು ಆಗ ಬೇಸರಪಟ್ಟಿದ್ದಳು, ಈಗ ಅಂದಾಜಾಗುತ್ತಿದೆ. ಪದವಿಯ ನಂತರ ಒಂದೂವರೆ ವರ್ಷ ಮನೆಯಲ್ಲಿ ಕಿಟಕಿಯ ಪಕ್ಕ ಕೂತು ಡೈರಿ ಬರೆದಳು. ಮನೆಗೆ ಬಂದವರೆಲ್ಲ “ಏನು ಮಾಡ್ಕೊಂಡಿದಾಳೆ?” ಎಂದು ಕೇಳಿದರೆ ಅಮ್ಮ “ಓದ್ಕೊಂಡಿದಾಳೆ” ಎನ್ನುತ್ತಿದ್ದಳು, ಸ್ವಲ್ಪ ನೆಗಡಿಯಾಗಿದೆ ಎನ್ನುವ ದನಿಯಲ್ಲಿ. ಕೊನೆಗೆ ಚಿಕ್ಕಪ್ಪ ತನ್ನ ಗೆಳೆಯರಾದ ಈ ಕಾರ್ಯದರ್ಶಿಗಳ ಹತ್ತಿರ ಮಾತಾಡಿ ಕೆಲಸ ಕೊಡಿಸಿದ. “ನಮ್ಮ ಹುಡುಗಿ ಚಿನ್ನದಂಥವಳು ಕಣ್ರೀ, ಯಾವುದಕ್ಕೂ ಇಲ್ಲ ಅನ್ನೋಳೇ ಅಲ್ಲ” ಎಂದಿದ್ದ. ಅದು ಅವಳ ಅರ್ಹತಾಪತ್ರ. ಕಾರ್ಯದರ್ಶಿಗಳು ಅಂಕಪಟ್ಟಿಯನ್ನು ತಿರುಗಿಸಿ ಹಿಂಬದಿಯಲ್ಲೂ ಏನಾದರೂ ಇದೆಯೇ ಎಂದು ನೋಡಿ, “ಕುದುರೆ ಅಂದ್ರೆ ಭಯ ಇಲ್ವಾ ಅಮ್ಮ?” ಎಂದರು. ಭಯವಿತ್ತು, ಆದರೂ ಅವಳು ಹೇಳಿದ್ದು, “ಇಲ್ಲ ಸರ್.” “ಬೆಳಿಗ್ಗೆ ಆರಕ್ಕೇ ಬರಬೇಕಾಗುತ್ತೆ.” “ಸರಿ ಸರ್.” “ಬಿಸಿಲು, ಧೂಳು, ಲದ್ದಿ...” “ಸರಿ ಸರ್.” ಪಕ್ಕದಲ್ಲಿ ಕೂತಿದ್ದ ಸವಾರಿ ಮೇಷ್ಟ್ರು ಮೀಸೆಯಡಿ ನಕ್ಕು ಅಂದೇ ಅವಳಿಗೆ ‘ಸರಿ ಮೇಡಂ’ ಎಂದು ಹೆಸರಿಟ್ಟುಬಿಟ್ಟರು. ಮುಂದೆ ಅವಳ ಕೆಲಸವೇ ದಿನಕ್ಕೆ ಎಂಟು ಕುದುರೆಗಳಿಗೆ ಏಳೇಳು ಸಲ ‘ಸರಿ’ ಬರೆಯುವುದು ಎಂದು ತಿಳಿದಾಗ ಹೆಸರು ಇನ್ನಷ್ಟು ಗಟ್ಟಿಯಾಯಿತು. ಗೊರಸು ಮತ್ತು ಲಾಳ, ಸರಿ. ಕಾಲುಗಳಲ್ಲಿ ಬಿಸಿ, ಊತ ಇಲ್ಲ, ಸರಿ. ಬೆನ್ನು, ಸರಿ. ಬಾಯಿ ಮತ್ತು ಕಡಿವಾಣ, ಸರಿ. ಕಾಲಿಡುವ ರಿಕಾಪು, ಸರಿ. ಜೀನನ್ನು ಬಿಗಿಯುವ ಹೊಟ್ಟೆಪಟ್ಟಿ ಮೊದಲ ಸಲ, ಸರಿ. ಹೊಟ್ಟೆಪಟ್ಟಿ ಎರಡನೆಯ ಸಲ, ಇಪ್ಪತ್ತು ಹೆಜ್ಜೆ ನಡೆಸಿದ ನಂತರ, ಸರಿ. ಸವಾರರು ಹತ್ತುವ ಮೊದಲು ಇದಿಷ್ಟೂ ಆಗಬೇಕು. ಹತ್ತಿದ ಮೇಲೆ ದೇವರಿದ್ದಾನೆ.

ಇದನ್ನೆಲ್ಲ ಕಲಿಸಿದವನು ಲಾಯದಜ್ಜ. ನಲವತ್ತು ವರ್ಷ ಕುದುರೆಗಳ ಜೊತೆಗಿದ್ದು ಅವನ ಬೆರಳ ತುದಿಗಳು ಮರಗಟ್ಟಿಹೋಗಿದ್ದವು. ಜೀನು ಹಾಕುವುದು, ಬಿಗಿಯುವುದು ಎಲ್ಲ ಬರುತ್ತಿತ್ತು, ಬಿಗಿ ಎಷ್ಟಾಯಿತೆಂಬುದು ಮಾತ್ರ ಬೆರಳಿಗೆ ತಿಳಿಯುತ್ತಿರಲಿಲ್ಲ. ಅದಕ್ಕೇ ನೋಡುವುದಕ್ಕೆ ಅಂತ ಒಂದು ಹುದ್ದೆ ಹುಟ್ಟಿತು. “ನನ್ನ ಕೈಗೆ ಕಣ್ಣು ಹೋಗಿದೆ ಮಗಾ, ನೀನು ನೋಡು” ಎಂದು ಅವಳ ಕೈಯನ್ನು ಹಿಡಿದು ಕುದುರೆಯ ಪಕ್ಕೆಗೂ ಚರ್ಮದ ಪಟ್ಟಿಗೂ ನಡುವೆ ತೂರಿಸಿದ್ದ. ಆ ಬಿಸಿ, ಆ ಬೆವರು, ಒಳಗೆಲ್ಲೋ ದೊಡ್ಡ ತಿದಿ ಒತ್ತಿದ ಹಾಗೆ ಏರಿಳಿಯುವ ಉಸಿರು. ಅವಳು ತನ್ನ ಜನ್ಮದಲ್ಲಿ ಯಾರ ಮೈಯನ್ನೂ ಅಷ್ಟು ಹತ್ತಿರದಿಂದ ಮುಟ್ಟಿರಲಿಲ್ಲ. “ಎರಡು ಬೆರಳು ಹೋಗಬೇಕು. ಮೂರನೇದು ಹೋಗಬಾರದು. ಒಂದೇ ಹೋದ್ರೆ ಅದಕ್ಕೆ ಹಿಂಸೆ, ಮೂರು ಹೋದ್ರೆ ನಮಗೆ ಹಿಂಸೆ.” ಆಮೇಲೆ ಅವಳನ್ನು ಒಂದು ಕಂದು ಕುದುರೆಯ ಮುಂದೆ ಕರೆದೊಯ್ದು ನಿಲ್ಲಿಸಿದ. ಬಾಗಿಲಿನ ಫಲಕದಲ್ಲಿ ‘ಶತ್ರುಂಜಯ’ ಎಂದು ಬರೆದಿತ್ತು. ಅಜ್ಜನ ಬಾಯಲ್ಲಿ ಅದರ ಹೆಸರು ದಿಂಬು. “ಇವನೊಬ್ಬ ಕಳ್ಳ. ಪಟ್ಟಿ ಎಳೀವಾಗ ಉಸಿರು ಹಿಡಿದು ಹೊಟ್ಟೆ ಉಬ್ಬಿಸ್ತಾನೆ, ನೆಂಟರ ಮನೇಲಿ ಊಟಕ್ಕೆ ಕೂತ ಭಾವ ಸೊಂಟದ ದಾರ ಸಡಿಲ ಮಾಡ್ಕೋತಾನಲ್ಲ, ಹಾಗೆ, ಮುಂದಾಲೋಚನೆ. ನೀನು ಬಿಗೀತು ಅಂದ್ಕೋತೀಯಾ. ನಾಲ್ಕು ಹೆಜ್ಜೆ ನಡೆದ ಮೇಲೆ ಉಸಿರು ಬಿಡ್ತಾನೆ. ಪಟ್ಟಿ ಜೋಲು. ಅದಕ್ಕೇ ಕಟ್ಟು, ನಡೆಸು, ಮತ್ತೆ ನೋಡು. ಬೇರೆಯವ್ಕೆ ಮರೆತ್ರೂ ಇವನಿಗೆ ಮರೀಬೇಡ. ಇವನಿಗೆ ಪಟ್ಟಿ ಐದನೇ ತೂತಿಗೆ ಬರಬೇಕು.” ದಿಂಬು ಅವರಿಬ್ಬರನ್ನೂ ನೋಡುತ್ತ ನಿಂತಿತ್ತು, ತನ್ನ ಬಗ್ಗೆ ಅಲ್ಲ ಎಂಬಂತೆ. ಆ ದಿನ ಅವಳು ಡೈರಿಯಲ್ಲಿ ಬರೆದಳು: ‘ಅದಕ್ಕೂ ನನ್ನ ಹಾಗೇ ಅಭ್ಯಾಸ. ಯಾರಾದರೂ ಹತ್ತಿರ ಬಂದರೆ ಉಸಿರು ಹಿಡಿಯುತ್ತದೆ.’ ಬರೆದು, ವಾಕ್ಯ ಚೆನ್ನಾಗಿದೆ ಎನಿಸಿ, ಎರಡು ಸಲ ಓದಿಕೊಂಡಳು. ಡೈರಿಯಲ್ಲಿ ತನ್ನ ಬಗ್ಗೆ ನಿಜ ಹೇಳುವುದು ಅವಳಿಗೆ ಬಹಳ ಸುಲಭ, ಯಾರೂ ಓದುವುದಿಲ್ಲವಲ್ಲ.

ಸುಳ್ಳಿನ ಮೇಲೆ ಅವಳಿಗೆ ನಂಬಿಕೆ ಬಂದದ್ದು ಎಂಟನೆಯ ವಯಸ್ಸಿನಲ್ಲಿ. ಎಲ್ಲರೂ ಬಸ್ಸಿಗೆ ಹೊರಟಿದ್ದರು, ಅಪ್ಪ ಚೀಲಗಳನ್ನು ಎಣಿಸುತ್ತ ಬೀದಿಯಿಂದಲೇ ಕೂಗಿದರು, “ಬೀಗ ಎಳೆದು ನೋಡಿದ್ಯಾ ಪುಟ್ಟಿ?” ಅವಳು ಬಾಗಿಲ ಮುಂದೆಯೇ ಇದ್ದಳು. ಕೈಯೆತ್ತಿ ಎಳೆದರೆ ಮುಗಿಯಿತು. ಆದರೆ ಎದುರುಮನೆಯ ಅಕ್ಕ ನೋಡುತ್ತಿದ್ದಳು. ತುದಿಗಾಲಲ್ಲಿ ನಿಂತು ಬೀಗ ಎಟುಕದೆ ಹೋದರೆ ನಗುತ್ತಾಳೆ. “ನೋಡ್ದೆ” ಎಂದಳು. ಎಂಟು ಗಂಟೆಯ ಪ್ರಯಾಣ, ಎಂಟು ಗಂಟೆಯೂ ಮನೆಯೊಳಗೆ ಕಳ್ಳರು ಓಡಾಡಿದರು, ಪಾತ್ರೆಗಳನ್ನು ಇಳಿಸಿದರು, ಅವಳ ಬಣ್ಣದ ಪೆನ್ಸಿಲ್ಲುಗಳನ್ನು ಹಂಚಿಕೊಂಡರು. ನಾಲ್ಕು ದಿನ ಬಿಟ್ಟು ಬಂದು ನೋಡಿದರೆ ಬೀಗ ಬಿದ್ದದ್ದು ಬಿದ್ದ ಹಾಗೇ ಇತ್ತು. ಅಪ್ಪ ಅವಳ ತಲೆ ಸವರಿ “ಜವಾಬ್ದಾರಿ ಇದೆ ಇವಳಿಗೆ” ಎಂದರು. ಎಷ್ಟು ಸುಲಭ. ಒಂದು ಸಲ ನೋಡುವುದಕ್ಕಿಂತ ‘ನೋಡಿದೆ’ ಎನ್ನುವುದು ಎಷ್ಟು ಹಗುರ, ಅದಕ್ಕೆ ಬಹುಮಾನ ಬೇರೆ. ಹೋದ ಮಂಗಳವಾರದ ಬೆಳಿಗ್ಗೆ, ಸವಾರಿ ಕಲಿಯಲು ಬರುತ್ತಿದ್ದ ದಂತವೈದ್ಯೆ ಅಂಗಳಕ್ಕೆ ಬಂದಾಗ ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ಐವತ್ತು ದಾಟಿದ ಹೆಂಗಸು, ಇಡೀ ದಿನ ಬಗ್ಗಿ ಬಗ್ಗಿ ಇನ್ನೊಬ್ಬರ ಬಾಯಿ ನೋಡಿ ಬೆನ್ನು ನೊಂದಿದೆ, ಕುದುರೆ ಹತ್ತಿದರೆ ನೆಟ್ಟಗಾಗುತ್ತದೆ ಎಂದು ಯಾರೋ ಹೇಳಿದ್ದರು. ಒಳ್ಳೆಯವರು, ಅಷ್ಟು ಒಳ್ಳೆಯವರು ಜಗತ್ತಿನಲ್ಲಿ ಇರುವುದರಿಂದಲೇ ಇಷ್ಟೊಂದು ತೊಂದರೆ. ಅಜ್ಜ ಆ ಹೊತ್ತಿಗೆ ಹಿಂದಿನ ಚಪ್ಪರದಲ್ಲಿ ಲಾಳ ಬಡಿಯುವವನ ಜೊತೆಗಿದ್ದ. ದಿಂಬಿಗೆ ಜೀನು ಬಿಗಿದಾಗಿತ್ತು, ಆರು ‘ಸರಿ’ಗಳಾಗಿದ್ದವು, ಮತ್ತೆ ರಿಜಿಸ್ಟರು ತೆರೆಯುವ ಕಷ್ಟ ಯಾಕೆ ಎಂದು ಏಳನೆಯದೂ ಆಗಿತ್ತು. ಇಪ್ಪತ್ತು ಹೆಜ್ಜೆ ನಡೆಸಿ ತಂದು ನಿಲ್ಲಿಸಿದಳು. ಇನ್ನು ಉಳಿದದ್ದು ಕೈ ತೂರಿಸಿ ನೋಡುವುದು ಒಂದೇ. ಅಷ್ಟರಲ್ಲಿ ದಂತವೈದ್ಯೆ ಎಡಗಾಲನ್ನು ರಿಕಾಪಿಗೆ ಇಟ್ಟೇಬಿಟ್ಟರು, ಅವಳು ಕೈ ಹಾಕಬೇಕಾದ ಜಾಗಕ್ಕೆ ಅವರ ಮೊಣಕಾಲು ಅಡ್ಡ. “ಒಂದು ನಿಮಿಷ ನಿಲ್ಲಿ” ಎನ್ನಬೇಕಿತ್ತು. ಅಷ್ಟೇ. ನಿಲ್ಲಿ ಎಂಬ ಮಾತು ಅವಳ ಗಂಟಲಿನವರೆಗೆ ಬಂತು, ಅಲ್ಲಿ ಚಪ್ಪಲಿ ಕಳಚಿ, ಒಳಗೆ ಬರಲೇ ಎಂದು ಕೇಳುವವರ ಹಾಗೆ ನಿಂತಿತು. ದೊಡ್ಡವರಿಗೆ ನಿಲ್ಲಿ ಎನ್ನುವುದು ಹೇಗೆ? ಕಾಲು ತೆಗೆಯಿರಿ ಎನ್ನುವುದು ಹೇಗೆ? “ಒಂಬತ್ತಕ್ಕೆ ಪೇಷಂಟ್ ಇದಾರಮ್ಮ. ಎಲ್ಲಾ ಸರಿ ಇದೆ ತಾನೇ?” ಎಂದರು ಅವರು, ನಗುತ್ತ.

“ಸರಿ ಇದೆ ಮೇಡಂ.”

ಆಮೇಲಿನದನ್ನು ನೋಡಲು ಬಹಳ ಹೊತ್ತು ಬೇಕಾಗಲಿಲ್ಲ. ಮೂರನೆಯ ಸುತ್ತಿನ ತಿರುವಿನಲ್ಲಿ ಜೀನು ದಂತವೈದ್ಯೆಯನ್ನು ಹೊತ್ತುಕೊಂಡೇ ನಿಧಾನಕ್ಕೆ, ಬಹಳ ಮರ್ಯಾದೆಯಿಂದ, ಬಲಕ್ಕೆ ಜಾರತೊಡಗಿತು. ಅವರು ಕೂಗಿದರು. ಹೊಟ್ಟೆಯಡಿಗೆ ಬಂದ ಆ ಭಾರಕ್ಕೆ, ತೊಡೆಗೆ ಬಡಿಯುತ್ತಿದ್ದ ಕಬ್ಬಿಣಕ್ಕೆ ಬೆದರಿದ ದಿಂಬು ಹಿಂಗಾಲು ಎತ್ತಿ ಎತ್ತಿ ಒದ್ದಿತು, ಬೇಲಿ ಮುರಿಯಿತು. ಕೆಳಗೆ ಬಿದ್ದ ದಂತವೈದ್ಯೆಯ ಬಲಭುಜದ ಎಲುಬು ಬಿರುಕುಬಿಟ್ಟಿತು. ಅವತ್ತಿನ ಸಂಜೆಗೆ ಇಡೀ ಸವಾರಿ ಶಾಲೆಯಲ್ಲಿ ಒಂದೇ ಮಾತು: ಶತ್ರುಂಜಯ ಹುಚ್ಚೆದ್ದು ಒದ್ದ, ಅದಕ್ಕೇ ಜೀನು ತಿರುಗಿಹೋಯಿತು. ಮೇಷ್ಟ್ರು ಹಾಗೇ ಬರೆದರು, ಕಾರ್ಯದರ್ಶಿಗಳು ಹಾಗೇ ಸಹಿ ಹಾಕಿದರು. ಕಾರಣ ಮೊದಲು, ಪರಿಣಾಮ ಆಮೇಲೆ ಎಂದು ಮೂರು ವರ್ಷ ಓದಿದವಳು ಅವೆರಡೂ ಕಣ್ಣೆದುರಿಗೇ ಜಾಗ ಅದಲುಬದಲು ಮಾಡಿಕೊಳ್ಳುವುದನ್ನು ನೋಡುತ್ತ ನಿಂತಳು. ಜೀನು ತಿರುಗಿದ್ದರಿಂದ ಕುದುರೆ ಒದ್ದದ್ದು ಎಂಬುದು ಗೊತ್ತಿದ್ದವರು ಮೂವರೇ. ಅವರಲ್ಲಿ ಒಬ್ಬರು ಕುದುರೆ. ಇನ್ನೊಬ್ಬ ಲಾಯದಜ್ಜ, ಹೊಟ್ಟೆಯಡಿಯಿಂದ ಜೀನು ಬಿಚ್ಚಿದವನು ಅವನೇ. ಅದನ್ನು ಹೆಗಲ ಮೇಲೆ ಹೊತ್ತು ಅವಳ ಪಕ್ಕದಲ್ಲಿ ಹಾದುಹೋಗುವಾಗ ನಿಂತು, ಅವಳ ಮುಖ ನೋಡದೆ, ಹವಾಮಾನ ಹೇಳುವವನ ಹಾಗೆ ಹೇಳಿದ, “ಮೂರನೇ ತೂತಲ್ಲಿತ್ತು ಮಗಾ.”

ಅವಳು ಏನೆಂದಳು? “ಸರಿ ಅಜ್ಜಾ” ಎಂದಳು. ನೆನಪಾದಾಗಲೆಲ್ಲ ಮೈ ಉರಿಯುತ್ತದೆ.

ಆ ರಾತ್ರಿಯ ಡೈರಿಯಲ್ಲಿ ಆರು ಪುಟಗಳಿವೆ: ಬೇಲಿ, ಧೂಳು, ಬಿದ್ದವರ ಒಂದು ಬೂಟು, ಮನುಷ್ಯನ ಒಂಟಿತನ. ಹೊಟ್ಟೆಪಟ್ಟಿ ಎಂಬ ಪದವೊಂದು ಬಿಟ್ಟು ಎಲ್ಲವೂ ಇದೆ.

ಮಾರನೆಯ ದಿನ ಹೂ ತೆಗೆದುಕೊಂಡು ಆಸ್ಪತ್ರೆಗೆ ಹೋದಾಗ ದಂತವೈದ್ಯೆ ತೂಗುಪಟ್ಟಿಯಲ್ಲಿದ್ದ ಕೈಯನ್ನು ತೋರಿಸಿ, “ಇನ್ನು ಎರಡು ತಿಂಗಳು ಊರಿನವರ ಹಲ್ಲಿಗೆಲ್ಲ ರಜೆ” ಎಂದು ನಕ್ಕರು. ಆಮೇಲೆ ಎಡಗೈಯಿಂದ ಅವಳ ಕೆನ್ನೆ ಮುಟ್ಟಿ, “ನೀನ್ಯಾಕೆ ಹೀಗೆ ಬಾಡಿದೀಯ? ನಿಂದೇನು ತಪ್ಪು ಮಗು? ಪಾಪ, ನೀನು ಎಲ್ಲಾ ನೋಡಿಯೇ ಹತ್ತಿಸಿದ್ದೆ” ಎಂದರು. ಹೊಡೆದಿದ್ದರೆ ಒಳ್ಳೆಯದಿತ್ತು. ಅಲ್ಲೇ ಹೇಳಿಬಿಡಬಹುದಿತ್ತು, ಕೋಣೆಯಲ್ಲಿ ಅವರಿಬ್ಬರೇ ಇದ್ದರು. ಆದರೆ ಸರಿಯಾಗಿ ಆ ಹೊತ್ತಿಗೆ ನರ್ಸು ಜ್ವರ ನೋಡಲು ಬಂದಳು. ಹಾಗೆಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಾಳೆ; ನಿಜವೆಂದರೆ ನರ್ಸು ಬಂದದ್ದು ಹತ್ತು ನಿಮಿಷ ಬಿಟ್ಟು.

ಹತ್ತು ಗಂಟೆಗೆ ಸಮಿತಿ ಕೂತಿತು. ಕೂತಿತು ಎಂದರೆ ಪಶುವೈದ್ಯರು ನಿಂತೇ ಇದ್ದರು, ಕಾರ್ಯದರ್ಶಿಗಳು ನಾಲ್ಕು ಕುರ್ಚಿಗಳ ಪೈಕಿ ನೆರಳಿನದನ್ನು ಆರಿಸಿಕೊಂಡರು. ಗೇಟಿನ ಹತ್ತಿರ ಒಂದು ಲಾರಿ ನಿಂತಿತ್ತು. ಅದರ ಹಿಂಬದಿಯ ಹಲಗೆ ಆಗಲೇ ಇಳಿಸಿ, ಒಳಗೆ ಒಂದಿಷ್ಟು ಒಣಹುಲ್ಲು ಎಸೆದಿದ್ದರು. ಹಲಗೆಯ ಮೇಲೆ ಕೂತು, ಬೇಡವಾದ ಕುದುರೆಗಳನ್ನು ಕೊಳ್ಳುವ ದಲ್ಲಾಳಿ ಕಿವಿಯಲ್ಲಿ ಕಡ್ಡಿ ಆಡಿಸುತ್ತಿದ್ದ. ತೀರ್ಪಿಗೆ ಮೊದಲೇ ಲಾರಿ ಬಂದದ್ದು ಯಾಕೆ ಎಂದು ಯಾರೂ ಕೇಳಲಿಲ್ಲ. ಸಮಯ ಪಾಲನೆ ಈ ಸಂಸ್ಥೆಯ ಹೆಮ್ಮೆ. “ಅವನ ಹತ್ರ ಹೋದ ಕುದುರೆ ಮತ್ತೆಲ್ಲಾದ್ರೂ ಮೇಯ್ತಾ ನಿಂತಿದ್ದನ್ನ ನಾನಂತೂ ಕಂಡಿಲ್ಲ” ಎಂದು ಲಾಯದಜ್ಜ ನಿನ್ನೆ ಹೇಳಿದ್ದ. “ನೀನು ಹೇಳು ಅಜ್ಜಾ, ಜೀನು ಸಡಿಲ ಇತ್ತು ಅಂತ” ಎಂದು ಅವಳು, ನೋಡಿ ಎಂಥ ಧೈರ್ಯ, ಅವನಿಗೇ ಹೇಳಿದ್ದಳು. ಅಜ್ಜ “ನಾನು ಹೇಳ್ದೆ. ‘ರಿಜಿಸ್ಟರಲ್ಲಿ ಸರಿ ಅಂತ ಇದೆ ಮುದುಕಾ, ನಿನ್ನ ಬೆರಳಿಗೆ ಏನು ಗೊತ್ತಾಗುತ್ತೆ’ ಅಂದ್ರು” ಎಂದ. ಕೋಪವಿರಲಿಲ್ಲ. ಅಷ್ಟು ಹೇಳಿ ನೀರಿನ ಬಕೆಟ್ಟು ಎತ್ತಿಕೊಂಡು ಹೋದ.

ಪಶುವೈದ್ಯರು ದಿಂಬನ್ನು ಬಾಲದಿಂದ ಮೂತಿಯವರೆಗೆ ತಪಾಸಣೆ ಮಾಡಿದರು. ಒಂದೊಂದೇ ಗೊರಸು ಎತ್ತಿ ಲಾಳದ ಮೊಳೆ ತಟ್ಟಿದರು. ಕಾಲಿನ ಮೇಲಿಂದ ಕೆಳಗೆ ಅಂಗೈ ಇಳಿಸಿದರು. ಬೆನ್ನಿನ ಉದ್ದಕ್ಕೂ ಹೆಬ್ಬೆರಳು ಒತ್ತಿದರು, ಎಲ್ಲಾದರೂ ನೋವಿಗೆ ಬೆನ್ನು ತಗ್ಗಿಸುತ್ತದೆಯೇ ಎಂದು. ಕಣ್ಣಿನ ಮುಂದೆ ಕೈ ಬೀಸಿದರು. ತುಟಿ ಮೇಲಕ್ಕೆತ್ತಿ ಒಸಡು ನೋಡಿದರು. ದಿಂಬು ಒಳ್ಳೆಯ ಮನೆತನದ ಅಳಿಯನ ಹಾಗೆ ಎಲ್ಲಕ್ಕೂ ಒಪ್ಪಿ ನಿಂತಿತ್ತು. ಇಷ್ಟು ಜನ ಸೇರಿ ಇಷ್ಟು ಸೂಕ್ಷ್ಮವಾಗಿ ಒಂದು ಪ್ರಾಣಿಯನ್ನು ನೋಡುತ್ತಿದ್ದಾರಲ್ಲ, ಎಂದುಕೊಂಡಳು ಅವಳು ಎದೆಗೆ ರಿಜಿಸ್ಟರು ಅವಚಿಕೊಂಡು. ನಾಲ್ಕು ಹೆಜ್ಜೆ ಈಚೆಗೆ ಬಂದು ನನ್ನ ತುಟಿ ಎತ್ತಿ ಯಾರೂ ನೋಡುವುದಿಲ್ಲ.

“ದೇಹದಲ್ಲಿ ಏನೂ ದೋಷ ಇಲ್ಲ” ಎಂದರು ಪಶುವೈದ್ಯರು.

“ಹಾಗಾದ್ರೆ ಬುದ್ಧೀಲಿ ದೋಷ” ಎಂದರು ಕಾರ್ಯದರ್ಶಿಗಳು, ಲೆಕ್ಕ ತಾಳೆಯಾದ ಸಮಾಧಾನದಲ್ಲಿ. “ಮನುಷ್ಯರ ಕಡೆಯಿಂದ ಏನೂ ತಪ್ಪಾಗಿಲ್ಲ ಅನ್ನೋದಕ್ಕೆ ದಾಖಲೆ ಇದೆಯಲ್ಲ. ಮಂಗಳವಾರದ್ದು ಓದಮ್ಮ.”

ಅವಳು ಹಾಳೆ ತೆಗೆದಳು. ಬಾಲದ ‘ಸರಿ’ ಅವಳನ್ನೇ ನೋಡಿತು. ಬಾಯಿಂದ ದನಿ ಹೊರಟಿತು, ಹಾಜರಿ ಕೂಗುವಾಗಿನ ದನಿ. “ಗೊರಸು, ಸರಿ. ಕಾಲು, ಸರಿ. ಬೆನ್ನು, ಸರಿ...”

“ಎಲ್ಲಾ ಸರಿ ತಾನೇ?”

“ಹೂಂ ಸರ್.”

“ಕೊಡಿಲ್ಲಿ.” ಕಾರ್ಯದರ್ಶಿಗಳು ರಿಜಿಸ್ಟರು ತೆಗೆದುಕೊಂಡು ಕನ್ನಡಕ ಹಣೆಗೇರಿಸಿ ಹಾಳೆಯನ್ನು ಮೂಗಿನವರೆಗೆ ತಂದರು. ಅವಳಿಗೆ ಸಿಕ್ಕಿಬಿದ್ದೆ ಎನಿಸಿ, ಆಶ್ಚರ್ಯವೆಂದರೆ, ಭುಜಗಳಿಂದ ಏನೋ ಇಳಿದ ಹಾಗಾಯಿತು. ಅವರು ಹಾಳೆಯನ್ನು ಬೆಳಕಿಗೆ ಹಿಡಿದು ಪಶುವೈದ್ಯರಿಗೆ ತೋರಿಸಿದರು. “ನೋಡಿ ಡಾಕ್ಟ್ರೇ, ಹುಡುಗಿ ಅಕ್ಷರ ಎಷ್ಟು ಮುದ್ದಾಗಿದೆ. ಈಗಿನ ಕಾಲದಲ್ಲಿ ಯಾರು ಬರೀತಾರೆ ಹೀಗೆ?”

ಪಶುವೈದ್ಯರು ಮೆಚ್ಚಿಕೊಂಡರು. ರಿಜಿಸ್ಟರು ಅವಳ ಕೈಗೆ ವಾಪಸ್ಸು ಬಂತು. ಇಷ್ಟೇ ಇತ್ತೇ? ಒಂದು ವಾರದಿಂದ ನಿದ್ದೆ ಕೆಡಿಸಿದ ಆ ‘ಸರಿ’ಯನ್ನು ಹಿಡಿಯಬಲ್ಲವರು ಈ ಭೂಮಿಯ ಮೇಲೆ ಯಾರೂ ಇಲ್ಲ. ಅವಳನ್ನು ಅವಳೊಬ್ಬಳ ಕೈಗೇ ಬಿಟ್ಟುಬಿಟ್ಟಿದ್ದಾರೆ.

“ಒಂದು ಸಲ ಹತ್ತಿ ನೋಡದೆ ಕಳಿಸೋದು ನಿಯಮಕ್ಕೆ ಸರಿಯಲ್ಲ” ಎಂದರು ಪಶುವೈದ್ಯರು. “ನನ್ನ ಸಹಿ ಇರುತ್ತೆ ನೋಡಿ.”

“ಅದಕ್ಕೇನು, ನಾನು ಹತ್ತಿ ತೋರಿಸ್ತೀನಿ” ಎಂದು ಒಂದು ಕುರ್ಚಿಯಲ್ಲಿ ಕೂತಿದ್ದ ಸವಾರಿ ಮೇಷ್ಟ್ರು ಮೀಸೆ ಒರೆಸಿಕೊಂಡು ಎದ್ದರು. “ಮೂರು ಸುತ್ತು ಸಾಕು, ಅದರ ಬಣ್ಣ ಬಯಲಾಗುತ್ತೆ.” ಜೀನು ತರಿಸಿದರು. ಕಂಬಳಿ ಹಾಸಿ, ಜೀನು ಏರಿಸಿ, ಮಂಡಿಯನ್ನು ದಿಂಬಿನ ಪಕ್ಕೆಗೆ ಊರಿ ಹೊಟ್ಟೆಪಟ್ಟಿಯನ್ನು ತಾವೇ ಎಳೆದರು, ನೋಡುವವರು ಇದ್ದಾರೆಂದು ಸ್ವಲ್ಪ ಹೆಚ್ಚೇ ಸದ್ದು ಮಾಡುತ್ತ. ದಿಂಬು ಎಂದಿನಂತೆ ಉಸಿರು ಹಿಡಿಯಿತು. ಅವಳಿಗೆ ಅದು ಕಂಡಿತು. ಪಕ್ಕೆಯ ಕೂದಲೆಲ್ಲ ಒಮ್ಮೆಗೇ ಬಿಗಿದು ಮಿಂಚಿತು. ಅವಳೂ ಉಸಿರು ಹಿಡಿದಿದ್ದಳು. ಮೇಷ್ಟ್ರ ಕೊಕ್ಕೆ ಬಿದ್ದದ್ದು ಮೂರನೆಯ ತೂತಿಗೋ ನಾಲ್ಕನೆಯದಕ್ಕೋ, ಇಲ್ಲಿಂದ ಕಾಣುವುದಿಲ್ಲ. ಅವರಿಗೆ ಗೊತ್ತಿಲ್ಲವೇ? ಇಪ್ಪತ್ತು ವರ್ಷದ ಸವಾರಿ. ಗೊತ್ತಿದೆ. ಆದರೆ ನೋಡುವುದಕ್ಕೆಂದೇ ಒಬ್ಬಳನ್ನು ಇಟ್ಟುಕೊಂಡ ಮೇಲೆ ಉಳಿದವರು ನೋಡುವುದನ್ನು ಬಿಟ್ಟುಬಿಟ್ಟಿದ್ದರು, ಅದೂ ಒಂದು ಬಗೆಯ ಗೌರವವೇ.

“ನಡೆಸ್ಕೊಂಡು ಬಾ ಸರಿ ಮೇಡಂ” ಎಂದು ಲಗಾಮನ್ನು ಅವಳ ಕೈಗೆ ಕೊಟ್ಟರು.

ಅವಳು ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ಕುದುರೆಯನ್ನು ನಡೆಸಿದಳು. ಒಂದು, ಎರಡು, ಮೂರು. ಗೊರಸಿನಡಿ ಜಲ್ಲಿ ಕರಕರ ಎಂದಿತು. ನಾಲ್ಕನೆಯ ಹೆಜ್ಜೆಗೆ ದಿಂಬು ಮೂಗಿನಿಂದ ಉಸಿರು ಬಿಟ್ಟಿತು, ಉದ್ದಕ್ಕೆ, ಬೆಚ್ಚಗೆ, ಅವಳ ಕತ್ತಿನ ಮೇಲೆ. ಹತ್ತು, ಹನ್ನೊಂದು. ಗೇಟಿನ ಹತ್ತಿರ ತಿರುಗುವಾಗ ದಲ್ಲಾಳಿ ಹಲಗೆಯಿಂದ ಎದ್ದು, ಬಟ್ಟೆಯಂಗಡಿಯಲ್ಲಿ ಸೀರೆಯ ಸೆರಗು ನೋಡುವವರ ಹಾಗೆ ದಿಂಬಿನ ತೊಡೆಯನ್ನು ನೋಡಿದ. ಈಗ ತಾನು ಮಾಡಬೇಕಾದದ್ದು ಏನೂ ಇಲ್ಲ ಎಂಬುದು ಅವಳಿಗೆ ಬಹಳ ಸ್ಪಷ್ಟವಾಗಿ ಹೊಳೆಯಿತು. ಏನೂ ಮಾಡದಿದ್ದರೆ ಸಾಕು. ಮೇಷ್ಟ್ರು ಹತ್ತುತ್ತಾರೆ, ಮೂರನೆಯ ಸುತ್ತಿನ ತಿರುವಿನಲ್ಲಿ ಜೀನು ಜಾರುತ್ತದೆ, ದಿಂಬು ಒದೆಯುತ್ತದೆ, ಸಮಿತಿ ಕಣ್ಣಾರೆ ನೋಡುತ್ತದೆ. ಕುದುರೆ ಕೆಟ್ಟದ್ದು ಎಂಬುದು ಎರಡನೆಯ ಸಲವೂ ಸಾಬೀತು. ಒಂದು ಸಲ ಆದದ್ದು ಆಕಸ್ಮಿಕ, ಎರಡು ಸಲ ಆದದ್ದು ಸ್ವಭಾವ. ತತ್ವಶಾಸ್ತ್ರವೂ ಅಡ್ಡ ಬರುವುದಿಲ್ಲ. ಲಾರಿ ಹೋದ ಮೇಲೆ ಈ ಲೋಕದಲ್ಲಿ ಗೊತ್ತಿರುವವನು ಅಜ್ಜ ಒಬ್ಬನೇ ಉಳಿಯುತ್ತಾನೆ, ಅವನ ಬೆರಳುಗಳನ್ನು ಯಾರೂ ನಂಬುವುದಿಲ್ಲ. ಅಪ್ಪ ಮತ್ತೆ ತಲೆ ಸವರುತ್ತಾರೆ. ಜವಾಬ್ದಾರಿ ಇದೆ ಇವಳಿಗೆ. ಚಿಕ್ಕಪ್ಪನಿಗೆ ಗೆಳೆಯರ ಮುಂದೆ ತಲೆ ತಗ್ಗಿಸುವ ಪ್ರಮೇಯವಿಲ್ಲ. ಮೇಷ್ಟ್ರಿಗೆ ಏಟಾದರೆ? ಆಗಲಿ, ಮೀಸೆ ಇದೆಯಲ್ಲ. ಹಾಗೆ ಅನ್ನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಹೆದರಿಕೆಯಾಯಿತು. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು.

ನಿಂತಳು. ಮೇಷ್ಟ್ರು ಕೈಗವಸು ಎಳೆದುಕೊಳ್ಳುತ್ತ ಬಂದರು. ಲಾಯದಜ್ಜ ಕಂಬಕ್ಕೆ ಒರಗಿ ನಿಂತಿದ್ದ. ಅವನು ಹೊಟ್ಟೆಪಟ್ಟಿಯನ್ನು ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದ. ಬಯ್ಯುವ ನೋಟವಲ್ಲ. ಮೊದಲ ದಿನ ಕೈ ಹಿಡಿದು ತೂರಿಸಿದಾಗ ಇದ್ದ ನೋಟ, ಬೆರಳಿಗೆ ತಿಳಿಯಿತೇ ಎಂದು ಕೇಳುವಂಥದ್ದು.

“ಬರ್ಕೊಂಡ್ಯಾ ಅಮ್ಮ?” ಎಂದು ಕಾರ್ಯದರ್ಶಿಗಳು ಕುರ್ಚಿಯಿಂದಲೇ ಕೂಗಿದರು. “ಏಳನೇದೂ ಸರಿ ತಾನೇ? ಬೇಗ, ಅವರ ಲಾರಿ ಕಾಯ್ತಾ ಇದೆ.”

ಮೇಷ್ಟ್ರ ಎಡಗಾಲು ರಿಕಾಪಿನತ್ತ ಎದ್ದಿತು. ಮೊಣಕಾಲು ಅದೇ ಜಾಗಕ್ಕೆ ಬರುತ್ತಿದೆ. ಅವಳ ಕೈ, ಅವಳನ್ನು ಕೇಳದೆ, ಆ ಕಾಲಿಗಿಂತ ಮೊದಲು ಅಲ್ಲಿಗೆ ಹೋಯಿತು. ಎರಡು ಬೆರಳು ಹೋದವು. ಮೂರನೆಯದೂ ಹೋಯಿತು. ನಾಲ್ಕನೆಯದು. ಕೊನೆಗೆ ಅಂಗೈಯೇ ಪೂರ್ತಿ, ಬಳೆಯ ಸಮೇತ, ಆ ಬೆಚ್ಚಗಿನ ಕತ್ತಲೆಯೊಳಕ್ಕೆ ಹೋಗಿ, ದಿಂಬಿನ ಹೃದಯ ಬಡಿಯುವುದು ಅಂಗೈಗೆ ತಾಗಿತು; ನಿಧಾನಕ್ಕೆ, ಯಾವ ಗಾಬರಿಯೂ ಇಲ್ಲದೆ, ಒಂದು ವಾರದಿಂದ ಇವರೆಲ್ಲ ಸೇರಿ ಹುಚ್ಚು ಎಂದು ಕರೆದ ಹೃದಯ. ರಿಜಿಸ್ಟರು ಕಂಕುಳಿಂದ ಜಾರಿ ಜಲ್ಲಿಯ ಮೇಲೆ ಬಿದ್ದು ತೆರೆದುಕೊಂಡಿತು.

“ನಿಲ್ಲಿ” ಎಂದಳು.

ಮೇಷ್ಟ್ರ ಕಾಲು ಗಾಳಿಯಲ್ಲೇ ನಿಂತಿತು. “ಏನು?”

“ಸರಿ ಇಲ್ಲ.”

“ಅರೆ, ಸರಿ ಮೇಡಂ ಬಾಯಲ್ಲಿ ಇಲ್ಲ!” ಮೇಷ್ಟ್ರು ಜೋರಾಗಿ ನಕ್ಕು ಸಮಿತಿಯ ಕಡೆ ತಿರುಗಿದರು. “ಕೇಳಿಸ್ತಾ ಸರ್?” ದಲ್ಲಾಳಿಯೂ ಯಾಕೆಂದು ತಿಳಿಯದೆಯೇ ನಕ್ಕ. ಪಶುವೈದ್ಯರು ಮಾತ್ರ ಅವಳ ಕೈ ಎಲ್ಲಿದೆ ಎಂದು ಬಗ್ಗಿ ನೋಡಿ, ಇನ್ನೂ ಹತ್ತಿರ ಬಂದು ನೋಡಿ, ನೆಟ್ಟಗೆ ನಿಂತರು. ಕಾರ್ಯದರ್ಶಿಗಳು ಕುರ್ಚಿಯಿಂದ ಅರ್ಧ ಎದ್ದು, ಕೂರಲೂ ಆಗದೆ ನಿಲ್ಲಲೂ ಆಗದೆ, “ಏನಮ್ಮ ಅದು? ಸ್ವಲ್ಪ ಸಡಿಲ ಇದ್ರೆ ಬಿಗಿ ಮಾಡಿದ್ರಾಯ್ತಪ್ಪ. ಅವತ್ತು ಸರಿ ಇತ್ತಲ್ಲ, ಅದು ಮುಖ್ಯ. ಅವತ್ತು ನೀನೇ ನೋಡಿ ಬರೆದಿದೀಯಲ್ಲ” ಎಂದರು, ಬಹಳ ದಯೆಯಿಂದ, ಬಾಗಿಲು ತೆರೆದು ಹಿಡಿದು, ಹೋಗಮ್ಮ, ಇಲ್ಲಿಂದ ಹೋಗಿಬಿಡು ಎನ್ನುವ ಹಾಗೆ.

ತೆರೆದ ಆ ಬಾಗಿಲು ಅವಳಿಗೆ ಕಂಡಿತು. ಅದರಾಚೆ ಕಿಟಕಿ, ಡೈರಿ, ಓದ್ಕೊಂಡಿದಾಳೆ. ಮುಖ ಕಾವೇರಿತು, ಕಿವಿಯ ತುದಿ ಸುಟ್ಟಿತು, ಕಣ್ಣಲ್ಲಿ ನೀರು ಬಂದು ಎಲ್ಲರ ಮುಖಗಳೂ ಕಲಸಿಹೋದವು. ಒಳ್ಳೆಯದೇ ಆಯಿತು, ಯಾರನ್ನೂ ನೋಡುವ ಕಷ್ಟ ತಪ್ಪಿತು. ಕೈಯನ್ನು ಪಟ್ಟಿಯಡಿಯಿಂದ ತೆಗೆಯಲಿಲ್ಲ. ಅದನ್ನು ತೆಗೆದರೆ ಮಾತೂ ಹೋಗಿಬಿಡುತ್ತದೆ ಎನಿಸಿತು. ಉಸಿರು ಹಿಡಿದಿರುವುದು ನೆನಪಾಗಿ, ಮೊದಲು ಅದನ್ನು ಬಿಟ್ಟಳು.

“ಅವತ್ತೂ ಹೀಗೇ ಇತ್ತು ಸರ್. ನಾನು ನೋಡಿರಲಿಲ್ಲ. ನೋಡದೇನೇ ಬರೆದೆ.”